ಜನರ ಒಪ್ಪಿಗೆ ಮತ್ತು ನನ್ನ ಮಗಳ ಸೂಜಿ

ಊರಿಗೆಲ್ಲ ಬುದ್ಧಿ ಹೇಳುವ ನೌಕರಿ ಸಿಕ್ಕವರಿಗೆ ಸ್ವಂತ ಮನೆಯಲ್ಲಿ ಬುದ್ಧಿ ಬಳಸಲು ಪುರಸೊತ್ತು ಸಿಗುವುದಿಲ್ಲ. ಇದು ನನ್ನ ಅನುಭವ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಆರೋಗ್ಯ ಖಾತೆಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿ ಅಥಣಿಯಲ್ಲಿ, ಮನೆ ಅದೇ ತಾಲೂಕಿನ ಅನಂತಪುರದಲ್ಲಿ. ಮಕ್ಕಳಿಗೆ ಹಾಕುವ ಲಸಿಕೆಯಿಂದ ಗುಣ ಕಂಡಿದೆಯೇ, ಖರ್ಚು ಏನು ಬೀಳುತ್ತದೆ, ಜನ ಅದನ್ನು ಒಪ್ಪಿದ್ದಾರೆಯೇ ಎಂದು ಹಳ್ಳಿಹಳ್ಳಿಗೆ ಹೋಗಿ ಕೇಳಿ ಬರೆದುಕೊಂಡು ಬರಲು ನನ್ನನ್ನು ಹಚ್ಚಿದರು. ನಾನೂ ಠೀವಿಯಿಂದಲೇ ಹೊರಟೆ. ಆದರೆ ನನ್ನ ಮಗಳಿಗೆ ಹನ್ನೊಂದು ತಿಂಗಳಾಗಿತ್ತು, ಒಂಬತ್ತು ತುಂಬಿದಾಗ ಆಗಬೇಕಿದ್ದ ದಡಾರದ ಸೂಜಿ ಇನ್ನೂ ಆಗಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಹಿಂದಿನ ಓಣಿಯಲ್ಲಿ ಇಬ್ಬರು ಮಕ್ಕಳಿಗೆ ದಡಾರ ಎದ್ದಿತ್ತು.

ಇದಕ್ಕೆ ನಮ್ಮ ಅವ್ವ ಅಡ್ಡ ಬಂದಿರಬೇಕು ಎಂದು ನೀವು ತಿಳಿದರೆ ಅದು ತಪ್ಪು. ಅವ್ವ ದಿನಾ ನೆನಪು ಮಾಡುತ್ತಿದ್ದಳು. ಹೆಂಡತಿ ಶಾಂತಾ ನಿಪ್ಪಾಣಿಯವಳು, ಬಾಣಂತನಕ್ಕೆ ಹೋದಾಗ ಮೊದಲಿನ ಸೂಜಿಗಳನ್ನೆಲ್ಲ ಅಲ್ಲೇ ಮುಗಿಸಿಕೊಂಡು ಬಂದಿದ್ದಳು. "ಅದ ಖಾತೇದಾಗ ಅದೀರಿ, ಇದೊಂದರ ನೀವು ತೊಡಿ ಮ್ಯಾಲ ಕೂಡಿಸಿಕೊಂಡು ಮಾಡಸ್ರಿ" ಎಂದು ಉಳಿದ ಒಂದನ್ನು ನನಗೆ ಬಿಟ್ಟಿದ್ದಳು. ನಮ್ಮೂರ ಬಾಲವಾಡಿಯಲ್ಲಿ ಸೂಜಿ ಮಾಡುವುದು ಗುರುವಾರ ಮಾತ್ರ, ನಾನು ಗುರುವಾರದಿಂದ ಗುರುವಾರಕ್ಕೆ ತಳ್ಳುತ್ತ ಬಂದೆ. ನಿಜ ಹೇಳಬೇಕೆಂದರೆ ನನಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತವೆ. ಚಿಕ್ಕವನಿದ್ದಾಗ ಶಾಲೆಗೆ ಸೂಜಿ ಮಾಡುವವರು ಬಂದ ದಿನ ನಾನು ಸಂಜೆಯವರೆಗೆ ಕಬ್ಬಿನ ತೋಟದಲ್ಲಿ ಅಡಗಿ ಕೂತಿದ್ದೆ. ಅಲ್ಲಿ ಇರುವೆ ಕಡಿದ ಲೆಕ್ಕ ಹಿಡಿದರೆ ಸೂಜಿಯೇ ಸೋವಿ. ಆದರೂ ಬುದ್ಧಿ ಬರಲಿಲ್ಲ. ಹೀಗೆ, ಇಡೀ ತಾಲೂಕಿನಲ್ಲಿ ಲಸಿಕೆಗೆ ಹಿಂಜರಿಯುವವರನ್ನು ಹುಡುಕಲು ಹೊರಟವನು ಮನೆಯಲ್ಲೇ ಒಬ್ಬನನ್ನು ಬಿಟ್ಟು ಹೋಗಿದ್ದೆ.

ಹೋದ ಊರಿನ ನಡುವೆ ನಿಂತು ಪೆನ್ನು ತಿರುಗಿಸಿ, ಅದು ತೋರಿಸಿದ ದಿಕ್ಕಿಗೆ ಮನೆಗಳನ್ನು ಹಿಡಿಯಬೇಕೆಂದು ನಮಗೆ ಕಲಿಸಿದ್ದರು. ಐಗಳಿ ಎಂಬ ಹಳ್ಳಿಯಲ್ಲಿ ಹಾಗೆ ತಿರುಗಿಸುವಾಗ ಕಟ್ಟೆಯ ಮೇಲಿದ್ದ ಅಜ್ಜನೊಬ್ಬ "ಸರಕಾರದವರು ಪೆನ್ನ ತಿರುಗಿಸಿ ಕನ್ಯಾ ನೋಡಾಕತ್ತಾರೇನ?" ಎಂದ. ಪೆನ್ನು ಕಾಶವ್ವ ಎಂಬ ಕೂಲಿಯ ಹೆಣ್ಣುಮಗಳ ಮನೆಯ ಕಡೆ ತೋರಿಸಿತು. ಅವಳ ಹತ್ತು ತಿಂಗಳ ಮಗನಿಗೂ ದಡಾರದ ಸೂಜಿ ಆಗಿರಲಿಲ್ಲ. ನಾನು ಲಸಿಕೆಯ ಮಹತ್ವವನ್ನು ದೀರ್ಘವಾಗಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು.

"ಸರ, ನಿಮ್ಮ ಮನ್ಯಾಗ ಸಣ್ಣ ಕೂಸೈತೇನ್ರಿ? ಅದಕ್ಕ ಈ ಸೂಜಿ ಮಾಡಿಸೀರೇನ್ರಿ?"

"ಹೋ! ಯಾವಾಗೋ ಆಗೇತಿ" ಎಂದೆ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಹಂಗಾರ ನಾನೂ ಮಾಡಸ್ತೀನ್ರಿ. ಆದ್ರ ಇಲ್ಲಲ್ಲ, ತವರಿಗೆ ಹೋಗಿ. ಸೂಜಿ ಆದ ಮ್ಯಾಲ ಜ್ವರ ಬರ್ತಾವ, ಇಲ್ಲಿ ಮರದಿನಾನ ನಾ ಕಬ್ಬಿನ ಕೆಲಸಕ್ಕ ಹೋಗಬೇಕು. ಅವ್ವನ ಮನ್ಯಾಗಾದ್ರ ಎರಡ ದಿನ ಕೂಸಿನ್ನ ಹಿಡಕೊಂಡು ಕುಂತ್ರೂ ಯಾರೂ ಏನೂ ಅನ್ನೂದಿಲ್ಲ."

ನನ್ನ ಫಾರಮ್ಮಿನಲ್ಲಿ ಖರ್ಚಿನ ಮುಂದೆ 'ಉಚಿತ' ಎಂದು ಮೊದಲೇ ಅಚ್ಚಾಗಿತ್ತು. ತವರು ಯಾವ ಊರು ಎಂಬ ಕಾಲಂ ಇರಲಿಲ್ಲ, ಹಾಗಾಗಿ ಕೇಳಲೂ ಇಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ ಮನಸ್ಸು ಕೊರೆಯತೊಡಗಿತು. ನನ್ನ ಮಾತು ನಂಬಿ ಅವಳು ಮಗನಿಗೆ ಸೂಜಿ ಮಾಡಿಸುತ್ತಾಳೆ, ನನ್ನ ಮಗಳು ಹಾಗೇ ಉಳಿಯುತ್ತಾಳೆ. ಓಣಿಯ ದಡಾರ ಗುಮಾಸ್ತನ ಮನೆ ಎಂದು ದಾಟಿ ಹೋಗುವುದಿಲ್ಲ. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಗುರುವಾರಕ್ಕೆ ರಜೆ ಹಾಕಿದೆ.

ಗುರುವಾರ ನಮ್ಮೂರ ಬಾಲವಾಡಿಯ ಮುಂದೆ ದೊಡ್ಡ ಸಾಲು. ಮಗಳನ್ನೆತ್ತಿಕೊಂಡು ನಾನು, ನಾನು ಓಡದಂತೆ ಹಿಂದೆ ಶಾಂತಾ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಪರಿಚಯದ ದನಿ ಕೇಳಿಸಿತು. ಕಾಶವ್ವ! ಅವಳ ತವರು ಅನಂತಪುರವೇ.

"ಸರ, ಇದು ನಿಮ್ಮ ಎರಡನೇ ಕೂಸೇನ್ರಿ?"

ಪಾಪ, ನನ್ನ ಮಾತನ್ನು ಅವಳು ಅಷ್ಟು ನಂಬಿದ್ದಳು. ಮೊದಲನೆಯದಕ್ಕೆ ಯಾವಾಗೋ ಆಗಿದೆ, ಅಂದಮೇಲೆ ಇದು ಎರಡನೆಯದೇ ಇರಬೇಕು. ಶಾಂತಾ ನನ್ನ ಮುಖ ನೋಡಿದಳು.

"ಎರಡನೇದ? ಮೊದಲನೇದ ಎಲ್ಲಿ ಇಟ್ಟೀರಿ?"

ಸಾಲಿಗೆ ಸಾಲೇ ನಮ್ಮ ಕಡೆ ತಿರುಗಿತು. ಸಂಸಾರ ಉಳಿಸಿಕೊಳ್ಳಲು ಸತ್ಯ ಹೇಳುವುದೊಂದೇ ದಾರಿ. "ಇರೂದ ಒಂದ ಕೂಸು. ಅದಕ್ಕ ಇನ್ನೂ ಸೂಜಿ ಆಗಿಲ್ಲ. ಅವತ್ತ ನಾ ಸುಳ್ಳ ಹೇಳಿದ್ನಿ" ಎಂದೆ. ಶಾಂತಾಳ ಮುಖ ಸಡಿಲಾಯಿತು, ಆದರೆ ಕಾಶವ್ವನ ಮುಖ ಬಿಗಿಯಾಯಿತು.

"ಅಂದ್ರ ಇದರಾಗ ಏನೋ ಐತಿ. ಅದಕ್ಕ ಖಾತೇದವರ ತಮ್ಮ ಕೂಸಿಗೆ ಮಾಡಸೂದಿಲ್ಲ" ಎನ್ನುತ್ತ ಅವಳು ಮಗನನ್ನು ಹೆಗಲಿಗೇರಿಸಿ ಸಾಲು ಬಿಟ್ಟು ಸರಿದಳು. ಅವಳ ಹಿಂದೆ ಇನ್ನಿಬ್ಬರು ಸರಿದರು.

"ಏನೂ ಇಲ್ಲಬೇ, ನನಗ ಸೂಜಿ ಅಂದ್ರ ಅಂಜಿಕಿ!" ಎಂದೆ. ಸುಳ್ಳನ್ನು ಅಷ್ಟು ಸುಲಭವಾಗಿ ನಂಬಿದ್ದವಳು ಈ ಸತ್ಯವನ್ನು ನಂಬಲು ಸುತರಾಂ ತಯಾರಿರಲಿಲ್ಲ. ಇನ್ನು ಮಾತಿನಿಂದ ಪ್ರಯೋಜನವಿಲ್ಲ ಎನ್ನಿಸಿತು. ಸಾಲು ದಾಟಿ ಮುಂದೆ ಹೋಗಿ, ನರ್ಸಬಾಯಿಯ ಎದುರಿನ ಸ್ಟೂಲಿನ ಮೇಲೆ ಕೂತು, ಮಗಳನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡೆ. ಕಾಶವ್ವ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದಳು. ಮಗಳು ಕಿಟಾರನೆ ಕಿರುಚಿದಳು. ನಾನು ಕಣ್ಣು ಮುಚ್ಚಿದೆ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಹಣೆಯ ಮೇಲೆ ಬೆವರು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು, ಯಾರೋ ನನ್ನ ಭುಜ ತಟ್ಟಿದರು.

"ಸರ, ನಿಮ್ಮ ಕೂಸ ಆಗಲೇ ನಗಾಕತ್ತೈತಿ, ನೀವು ಕಣ್ಣ ತಗೀರಿ" ಎಂದಳು ಕಾಶವ್ವ, ಮಗನನ್ನು ಸೊಂಟಕ್ಕೆ ಇಳಿಸಿಕೊಳ್ಳುತ್ತ. "ನಿಮ್ಮ ಅಂಜಿಕಿ ಖರೇನ ಐತಿ ಬಿಡ್ರಿ. ಏಳ್ರಿ ಈಗ, ನಮ್ಮ ಪಾಳಿ."