ಆಫ್ ಆಗದ ಮೈಕು

ಮೈಕಿನ ಸ್ವಿಚ್ಚಿನೊಳಗಿನ ಸ್ಪ್ರಿಂಗು ಸತ್ತುಹೋಗಿತ್ತು. ಬೆರಳು ತೆಗೆದರೆ ದನಿಯೇ ಹೋಗುತ್ತಿತ್ತು. ಹೊಸದು ಕೊಡಿಸಣ್ಣ ಅಂದರೆ ಟೆಂಟ್ ಸಿನಿಮಾದ ಮಾಲೀಕ ನಾಗಣ್ಣ, "ಯಾಕಲೇ, ನಿಂಗೆ ಬೆರಳಿಲ್ವಾ?" ಅಂದಿದ್ದ. ಆ ಸಿಟ್ಟಿಗೇ ಶುಕ್ರವಾರ ಬೆಳಿಗ್ಗೆ ಲಕ್ಷ್ಮೀಕಾಂತ್ ಸ್ವಿಚ್ಚಿನ ಮೇಲೆ ಒಂದು ರಬ್ಬರ್ ಬ್ಯಾಂಡು ಬಿಗಿದು ಸುತ್ತಿ ಹಫೀಜನ ಆಟೋ ಹತ್ತಿದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಲಕ್ಷ್ಮೀಕಾಂತ್. ಆಮೇಲೆ ಗ್ಯಾರೇಜು, ಬೇಕರಿ, ರೈಸ್ ಮಿಲ್ಲು, ಎಲ್ಲಾ ಕಡೆಯೂ ಬಾಯಿಗೆ ಬಂದದ್ದು ಆಡಿ ಓಡಿಸಿಕೊಂಡಿದ್ದ. ಇಡೀ ಹೊಳಲ್ಕೆರೆಯಲ್ಲಿ ಆ ಬಾಯಿಗೆ ಸಂಬಳ ಕೊಟ್ಟದ್ದು ನಾಗಣ್ಣನ ಟೆಂಟೊಂದೇ. ದುರ್ಗದಲ್ಲಿ ಓಡಿ ಸವೆದ ರೀಲು ಇಲ್ಲಿಗೆ ಬಂದಾಗಲೆಲ್ಲ ಆಟೋದಲ್ಲಿ ಊರೆಲ್ಲ ಸುತ್ತಿ ಕೂಗುವುದು, ಆ ಸಿನಿಮಾವನ್ನು ಪುಕ್ಕಟೆ ನೋಡುವುದು. ಸಿನಿಮಾ ಹುಚ್ಚನಿಗೆ ಇದಕ್ಕಿಂತ ಇನ್ನೇನು ಬೇಕು? ಈ ಕೆಲಸವೂ ಹೋದರೆ ಊರಲ್ಲಿ ತನ್ನನ್ನು ಒಳಗೆ ಸೇರಿಸುವ ಬಾಗಿಲು ಇನ್ನೊಂದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಬನ್ನಿರಿ, ನೋಡಿರಿ, ಆನಂದಿಸಿರಿ! ಹೆಂಗಳೆಯರ ಕಣ್ಣಲ್ಲಿ ಕೋಡಿ ಹರಿಸುವ, ಗಂಡಸರ ಮೀಸೆ ಕುಣಿಸುವ ಅದ್ಧೂರಿ ಚಿತ್ರ, ‘ಆಣೆ ಮಾಡಿದ ಅಣ್ಣ’!"

ಬಸ್‌ಸ್ಟ್ಯಾಂಡಿನಲ್ಲಿ ದುರುಗಕ್ಕನ ಟೀ ಅಂಗಡಿ ಮುಂದೆ ಆಟೋ ನಿಂತಿತು. ಲಕ್ಷ್ಮೀಕಾಂತ್ ಮೈಕನ್ನು ತೊಡೆ ಮೇಲಿಟ್ಟುಕೊಂಡು ಲೋಟ ಹಿಡಿದ.

"ಏನಪ್ಪ, ಸಿನಿಮಾ ನಿಜವಾಗ್ಲೂ ಚೆನ್ನಾಗೈತಾ? ನಾನೂ ಬರಾಣ ಅಂತಿದ್ದೆ" ಅಂದಳು ದುರುಗಕ್ಕ.

ಅಷ್ಟೇ ಸಾಕಾಯಿತು.

"ಅಯ್ಯೋ ಬಿಡಕ್ಕ! ನಿನ್ನೆ ಟ್ರಯಲ್ ಹಾಕಿದಾಗ ನೋಡ್ದೆ. ಹೀರೋಗೆ ಮೊಮ್ಮಕ್ಕಳನ್ನ ಆಡಿಸೋ ವಯಸ್ಸು, ಬೆರಳ ಮ್ಯಾಲೆ ಪುಸ್ತಕ ತಿರುಗಿಸ್ಕಂಡು ಕಾಲೇಜಿಗೆ ಹೋಗ್ತಾನೆ. ಅವನು ಓಡಿದ್ರೆ ವಿಗ್ಗು ಒಂದು ಹೆಜ್ಜೆ ಹಿಂದೆ ಓಡ್ತದೆ. ತಂಗಿ ಒಬ್ಳು ಅವ್ಳೆ. ಬಾಗಿಲಾಗೆ ನಿಂತ ತಕ್ಷಣ ಗೊತ್ತಾಗ್ತದೆ, ಇದು ಸಾಯೋ ಗಿರಾಕಿ ಅಂತ. ಹೀರೋಯಿನ್ನು ಹಿಮದ ಮ್ಯಾಲೆ ತೆಳ್ಳನೆ ಸೀರೇಲಿ ನಡುಗ್ತಾ ಕುಣೀತಾಳೆ, ಅವನಿಗೆ ಮಾತ್ರ ಸ್ವೆಟರು, ಮಫ್ಲರು! ಎಲ್ಲಾ ಹೊಡೆದಾಟ ಮುಗಿದ ಮ್ಯಾಲೆ ಪೊಲೀಸ್ರು ಬರ್ತಾರೆ."

ದುರುಗಕ್ಕನ ಬಾಯಿ ಕುದಿಯುವ ಕೆಟಲಿನಂತೆ ತೆರೆದೇ ಇತ್ತು. ತನ್ನ ಮಾತಿಗೆ ಮರುಳಾಗಿದ್ದಾಳೆ ಅಂದುಕೊಂಡ ಲಕ್ಷ್ಮೀಕಾಂತ್ ಇನ್ನಷ್ಟು ಏರಿದ. ತಿಂಗಳುಗಟ್ಟಲೆ ಆಟೋ ಮೇಲೆ ಕಟ್ಟಿದ ಸ್ಪೀಕರ್ ಹಾರನ್ನಿನ ಕೆಳಗೇ ಕೂತು ಕೂತು ಅದರ ಗದ್ದಲ ಅವನಿಗೆ ಸ್ವಂತ ಗಂಟಲಿನಂತೆಯೇ ಆಗಿಹೋಗಿತ್ತು.

"ಇನ್ನು ಜಾಹೀರಾತು! ಟಿವಿನಾಗೆ ಪೌಡರ್ ಬಳ್ಕಂಡ್ರೆ ಇಂಟರ್‌ವ್ಯೂನಾಗೆ ಕೆಲಸ ಸಿಗ್ತದಂತೆ. ನಮ್ಮಕ್ಕ ಒಂದು ಡಬ್ಬಿ ಪೂರ್ತಿ ಬಳ್ಕಂಡು ಹೋದ್ಲು. ಹಿಟ್ಟಿನ ಗಿರಣಿಯಿಂದ ಬಂದ್ಯೇನಮ್ಮ ಅಂತ ಕೇಳಿ ಕಳಿಸಿದ್ರು. ನಮ್ಮ ಟೆಂಟಿನ ಸ್ಲೈಡೇನು ಕಮ್ಮಿನಾ? ಜಬೀವುಲ್ಲಾ ಸಾಬ್ರ ಬಟ್ಟೆ ಅಂಗಡಿ, ‘ಬಣ್ಣಕ್ಕೆ ಗ್ಯಾರಂಟಿ’. ಅವರ ಕೆಂಪಂಗಿ ಒಂದು ಸಲ ನೆನೆಸಿದ್ದಕ್ಕೆ ಮನೇಲಿರೋ ಬಟ್ಟೆಯೆಲ್ಲಾ ಕೆಂಪಾತು! ಕೊಟ್ರಮ್ಮನ ಖಾನಾವಳಿ ಸ್ಲೈಡಿನಾಗೆ ಹೋಳಿಗೆ. ಹೋಗಿ ಕುಂತ್ರೆ ಸಾರಿನಾಗೆ ನಮ್ಮ ಮುಖ ಕಾಣ್ತದೆ!"

"ಕಾಣ್ತದೆ... ಣ್ತದೆ... ತದೆ" ಅಂತು ಬಸ್‌ಸ್ಟ್ಯಾಂಡಿನ ಗೋಡೆ.

ಲಕ್ಷ್ಮೀಕಾಂತ್ ಸುತ್ತ ನೋಡಿದ. ಕಂಡಕ್ಟರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಿದ್ದ. ಬಸ್ಸಿನ ಕಿಟಕಿಗೊಂದು ತಲೆ. ಎದುರಿನ ಬಟ್ಟೆ ಅಂಗಡಿಯಿಂದ ಜಬೀವುಲ್ಲಾ ಗಜಕೋಲು ಹಿಡಿದು ಇಳಿಯುತ್ತಿದ್ದರು. ಖಾನಾವಳಿ ಬಾಗಿಲಲ್ಲಿ ಕೊಟ್ರಮ್ಮ, ಕೈಯಲ್ಲಿ ಸೌಟು.

"ತಿಳಿಸಾರೇನಲೇ? ಬಾ, ಬಿಸಿದೇ ಹುಯ್ತೀನಿ ನೆತ್ತಿ ಮ್ಯಾಲೆ!"

ಮೈಕು ಒಂದು ಕಡೆ, ಲೋಟ ಇನ್ನೊಂದು ಕಡೆ. ಲಕ್ಷ್ಮೀಕಾಂತ್ ಬಾಲಕ್ಕೆ ಡಬ್ಬ ಕಟ್ಟಿದ ನಾಯಿಯಂತೆ ಓಟ ಕಿತ್ತ.

ಮಧ್ಯಾಹ್ನವೆಲ್ಲ ಅವನು ಹಿತ್ತಲಿಂದ ಹಿತ್ತಲಿಗೆ ಅಡಗಿದ. ಎಲ್ಲಿ ಅಡಗಿದರೂ ಒಬ್ಬರು ಇಣುಕಿ ಬುದ್ಧಿ ಹೇಳುವವರೇ. "ದುರ್ಗದ ಬಸ್ ಹತ್ತಿ ಹೋಗ್ಬಿಡಪ್ಪ" ಅಂದಳು ಬಟ್ಟೆ ಒಣಗಿಸುತ್ತಿದ್ದ ಗಿರಿಯಮ್ಮ. ಎರಡು ಹೆಜ್ಜೆ ಹೋಗಿ ಮತ್ತೆ ಬಂದು, "ಅಲ್ಲಾ, ಆ ವಿಗ್ಗು ನಿಜವಾಗ್ಲೂ ಹಿಂದೆ ಓಡ್ತದಾ?" ಅಂದಳು. ಸೌದೆ ಒಡೆಯುತ್ತಿದ್ದ ಶಿವಯ್ಯ, "ನಾಗಣ್ಣ ನಿನ್ನ ಹುಡುಕ್ತಾ ಅವ್ನೆ. ಮುಖ ಕೆಂಪಗಾಗೈತೆ" ಅಂದ. "ಹೋಗಿ ಕಾಲಿಗೆ ಬಿದ್ದುಬಿಡು. ಅಂದಂಗೆ, ತಂಗಿ ಹೆಂಗೆ ಸಾಯ್ತಾಳೆ?"

ಲಕ್ಷ್ಮೀಕಾಂತನಿಗೆ ಹಲ್ಲು ಕಡಿಯುವಷ್ಟು ಸಿಟ್ಟು. ತನ್ನ ಅನ್ನ ಹೋಗುತ್ತಿದೆ, ಇವರಿಗೆ ತಂಗಿ ಸಾಯುವ ಚಿಂತೆ!

ಸಂಜೆ ಕಾಲಿಗೆ ಬೀಳುವುದಕ್ಕೆಂದೇ ಟೆಂಟಿನ ಕಡೆ ಹೊರಟ. ಅಲ್ಲಿ ನೋಡಿದರೆ ಕಾಲಿಡಲು ಜಾಗವಿಲ್ಲ. ಬೆಂಚು ಸಾಲದೆ ಜನ ಮನೆಯಿಂದ ಚಾಪೆ ತಂದಿದ್ದರು. ಒಳಗೆ ಹೀರೋ ಓಡಿದ. "ವಿಗ್ಗೋ!" ಅಂತ ಟೆಂಟು ಹಾರಿಹೋಗುವಂತೆ ಕೂಗು. ತಂಗಿ ಬಾಗಿಲಲ್ಲಿ ಕಾಣಿಸಿದಳು. "ಸಾಯ್ತಾಳೋ!"

ಭುಜದ ಮೇಲೆ ಕೈ ಬಿತ್ತು. ಜಬೀವುಲ್ಲಾ! ಲಕ್ಷ್ಮೀಕಾಂತ್ ಕಣ್ಣು ಮುಚ್ಚಿದ.

"ಹೆದರಬ್ಯಾಡ್ವೋ. ಆ ಕೆಂಪಂಗಿ ಯಾವ್ದು ಅಂತ ನೋಡಾಕೆ ಬಂದು ಜನ ಬೇರೆ ಬಣ್ಣದ್ದೆಲ್ಲಾ ತಗಂಡ್ ಹೋದ್ರು. ಕೊಟ್ರಮ್ಮನ ಸಾರಿನಾಗೆ ಮುಖ ನೋಡ್ಕಳಾಕೆ ಕ್ಯೂ ನಿಂತಾರೆ."

ಅಷ್ಟರಲ್ಲಿ ನಾಗಣ್ಣನೇ ಓಡಿಬಂದು ತಬ್ಬಿಕೊಂಡ. ಮುಖ ಕೆಂಪಾಗಿದ್ದದ್ದು ನಕ್ಕೂ ನಕ್ಕೂ. "ಎಂಥಾ ಬಾಯಲೇ ನಿಂದು! ಚೆನ್ನಾಗೈತೆ ಅಂತ ಇಷ್ಟು ವರ್ಷ ಕೂಗಿದ್ದು ದಂಡ!"

ಎದೆ ಮೇಲಿನ ರುಬ್ಬುಗುಂಡನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಲಕ್ಷ್ಮೀಕಾಂತ್ ಅಂಗಿಗೆ ಹತ್ತಿದ್ದ ಹಿತ್ತಲ ಧೂಳು ಕೊಡವಿಕೊಂಡ. "ಹಂಗಾದ್ರೆ ನಾಳೆ ಬೆಳಿಗ್ಗೆನೇ ಬರ್ತೀನಣ್ಣ."

"ಬರಬ್ಯಾಡ."

"ಯಾಕಣ್ಣ?"

ನಾಗಣ್ಣ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದ. ಪಕ್ಕದಲ್ಲಿದ್ದ ಹಫೀಜ್ ತಲೆ ಕೆರೆದುಕೊಂಡ. "ಮೈಕ್ ಆನ್ ಐತೆ ಅಂತ ಹೇಳಾಣ ಅಂದ್ಕಂಡೆ ಭಾಯ್. ಅಷ್ಟ್ರಾಗೆ ಮಜಾ ಬಂತು. ಆಟೋನಾಗಿನ ಟೇಪಿಂದು ರೆಕಾರ್ಡ್ ಬಟನ್ ಒತ್ತಿಬಿಟ್ಟೆ."

"ಅದು ಈ ಸಿನಿಮಾದ್ದಲ್ವಾ! ಮುಂದಿನ ವಾರಕ್ಕೆ ಬೇರೆ ಬರ್ತದಲ್ಲ?" ಅಂದ ಲಕ್ಷ್ಮೀಕಾಂತ್.

"ಬರ್ತದೆ" ಅಂದ ನಾಗಣ್ಣ ತಣ್ಣಗೆ. "ಅದರಾಗೂ ಹೀರೋಗೆ ವಿಗ್ಗೈತೆ. ತಂಗಿ ಅವ್ಳೆ. ಹಿಮ ಐತೆ. ಪೊಲೀಸ್ರು ಕೊನೆಗೇ ಬರ್ತಾರೆ. ಅದರ ಮುಂದಿನ ವಾರದ್ದೂ ಹಂಗೇ. ಹೆಸರೊಂದು ಹಫೀಜ್ ಹೇಳ್ತಾನೆ, ಉಳಿದಿದ್ದು ಕ್ಯಾಸೆಟ್ ನೋಡ್ಕಂತದೆ."

ನಾಗಣ್ಣ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದೇ ಮಾತನ್ನು ಬೆಳಿಗ್ಗೆ ಇಡೀ ಊರಿಗೆ ಕೇಳುವಂತೆ ಲಕ್ಷ್ಮೀಕಾಂತನೇ ಹೇಳಿದ್ದ.

ಸೆಕೆಂಡ್ ಶೋ ಜನ ಕರೆಯಲು ಆಟೋ ಹೊರಟಿತು. ತಾಳ್ಯದ ಬಸ್ಸಿನಿಂದ ಆಗತಾನೆ ಇಳಿದು ಬಂದವನೊಬ್ಬ ಹಾರನ್ನಿಗೆ ಕಿವಿಗೊಟ್ಟು, ನಗು ತಡೆಯಲಾಗದೆ ಲಕ್ಷ್ಮೀಕಾಂತನ ಭುಜ ಹಿಡಿದುಕೊಂಡ.

"ಯಾರ್ರೀ ಅದು, ಹಿಂಗೆ ಬೈತಿರೋನು?"

ಲಕ್ಷ್ಮೀಕಾಂತ್ ತನ್ನ ದನಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ.

"ಯಾವನೋ ಕೆಲಸ ಇಲ್ಲದೋನು" ಅಂದ.