ನಾಲ್ಕು ಬೆರಳು ಹೆಚ್ಚಿನ ಟೆಂಟು

ನಮ್ಮ ಕಾಕಾ ಜಗತ್ತಿನ ಯಾವ ಜಾಗದಲ್ಲಾದರೂ ನಿದ್ದೆ ಮಾಡಬಲ್ಲರು, ತಮ್ಮ ಸ್ವಂತ ಮನೆಯೊಂದನ್ನು ಬಿಟ್ಟು!

ನಾನು ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮದುವೆಯ ಪಂಕ್ತಿಯಲ್ಲಿ ಎಲೆ ಹಾಕುವುದಕ್ಕೂ ಅನ್ನ ಬರುವುದಕ್ಕೂ ನಡುವೆ ಒಂದು ನಿದ್ದೆ ಮುಗಿಸಿದವರು ಅವರು. ಹಲ್ಲು ಕೀಳಿಸಿಕೊಳ್ಳಲು ಹೋಗಿ, ತೆರೆದ ಬಾಯಲ್ಲೇ ಗೊರಕೆ ಹೊಡೆದವರು. ಪಾಪ, ಆ ಡಾಕ್ಟರು ಇಂಜೆಕ್ಷನ್ ಜಾಸ್ತಿ ಆಯಿತೇನೋ ಎಂದು ಗಾಬರಿಯಾಗಿದ್ದರಂತೆ. ಅಂಥವರನ್ನು ಬಸವಕಲ್ಯಾಣದ ಅವರದೇ ಮನೆಯಲ್ಲಿ, ಸಾಗುವಾನಿ ಮಂಚದ ಮೇಲೆ, ಹೊಸ ಅರಳೆ ತುಂಬಿದ ಗಾದಿ ಹಾಸಿ ಮಲಗಿಸಿ ನೋಡಿ. ಬೆಳತನಕ ಕಣ್ಣು ಪಿಳಿಪಿಳಿ!

ಇದಕ್ಕೆಲ್ಲ ಅವರ ನೌಕರಿಯೇ ಕಾರಣ. ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಅದರಲ್ಲೂ ವಸ್ತಿ ಗಾಡಿಯ ಕಂಡಕ್ಟರ್. ಸಂಜೆ ಹುಮನಾಬಾದಿನಿಂದ ಹೊರಟು, ಹಳ್ಳಿ ಸೇರಿ, ಅಲ್ಲೇ ನಿಂತು, ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನೂ ಮಂದಿಯನ್ನೂ ತುಂಬಿಕೊಂಡು ಮರಳುವ ಗಾಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಸಣ್ಣ ಮಕ್ಕಳಿದ್ದ ಕಂಡಕ್ಟರುಗಳಿಗೆಲ್ಲ ವಸ್ತಿ ಡ್ಯೂಟಿ ಬೇಡವಾಗಿತ್ತು. ಕಾಕಾಗೆ ಮಕ್ಕಳಿರಲಿಲ್ಲ. ಹೀಗಾಗಿ ಎಲ್ಲರ ವಸ್ತಿಯೂ ಇವರ ಕೊರಳಿಗೇ ಬಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಘಾಟಬೋರಾಳದ ಹುಣಸೆ ಮರದ ಕೆಳಗೆ, ನಿಂತ ಬಸ್ಸಿನ ಸೀಟಿನ ಮೇಲೆ, ಟಿಕೆಟಿನ ಚೀಲ ತಲೆದಿಂಬು ಮಾಡಿಕೊಂಡು ಮಲಗಿದರು.

ರಿಟೈರ್ ಆಗಿ ಮನೆಗೆ ಬಂದರೆ ಮಂಚ ಅಗಲವಾಯಿತು, ಸೂರು ಎತ್ತರವಾಯಿತು. ಗಾಳಿಗೆ ಗಡಗಡ ಅನ್ನುವ ಕಿಟಕಿಯೂ ಇಲ್ಲ! ನಾಲ್ಕನೆಯ ದಿನಕ್ಕೆ ಮನುಷ್ಯ ಹೊದಿಕೆ ಎತ್ತಿಕೊಂಡು ಹೊರಗೆ ನಿಲ್ಲಿಸಿದ್ದ ತಮ್ಮ ಹಳೆಯ ಏಳು ಸೀಟಿನ ಕಾರಿನೊಳಗೆ ಹೋಗಿ ಮಲಗಿಬಿಟ್ಟರು. ಅವತ್ತಿನಿಂದ ಅದೇ ಅವರ ಮಲಗುವ ಕೋಣೆ. ಗಂಡ ಹೆಂಡತಿಗೆ ಜಗಳವಾಗಿದೆ ಎಂದು ತಿಳಿದ ಎದುರುಮನೆಯಾಕೆ ಒಂದು ತಾಟು ಹೋಳಿಗೆ ಹಿಡಿದುಕೊಂಡು ರಾಜಿ ಮಾಡಿಸಲು ಬಂದಿದ್ದಳು. ಕಾಕಾ ಹೋಳಿಗೆ ತಿಂದರು, ಕಾರಿಗೆ ಹೋದರು.

ಕಾಕು, ಅಂದರೆ ಕಾಕಾನ ಹೆಂಡತಿ, ಇದನ್ನೆಲ್ಲ ನಗುತ್ತಲೇ ಸಹಿಸಿದವರು. ಅವರಿಬ್ಬರಿಗೂ ನಾನೇ ಮಗಳಿದ್ದಂತೆ. ಹುಮನಾಬಾದಿನಿಂದ ನಾನು ಹೋದಾಗಲೆಲ್ಲ ಒಲೆಯ ಮುಂದೆ ಕೂತು ಮಾತಾಡುತ್ತಾರೆ. ಒಮ್ಮೆ ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿ ಹೇಳಿದರು.

"ಲಗ್ನ ಆಗಿ ನಲವತ್ತ ವರ್ಷ ಆತವಾ. ಮುಂಜಾನೆ ಕಣ್ಣ ಬಿಟ್ಟಾಗ ಬಾಜೂಕ ಈ ಮನಷ್ಯಾ ಮಲಗಿದ್ದು ನೋಡಿದ್ದ ಬೆರಳಿನಾಗ ಎಣಸಬಹುದು."

ಅಷ್ಟು ಹೇಳಿ ಮತ್ತೆ ರೊಟ್ಟಿ ತಟ್ಟಿದರು. ಮರುದಿನವೇ ಕಾಕಾನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವರು ಎಲ್ಲ ಕೇಳಿಸಿಕೊಂಡು, ಒಂದು ವಾರ ಬಿಟ್ಟು ತಾವೇ ಫೋನ್ ಮಾಡಿದರು. ಮೊಬೈಲಿನಲ್ಲಿ ಯಾರೋ ಕಾರಿನಲ್ಲಿ ಹೋಗಿ, ಟೆಂಟು ಹೊಡೆದು, ಮನೆಮಂದಿಯೆಲ್ಲ ಅದರೊಳಗೆ ಮಲಗುವ ವಿಡಿಯೋ ನೋಡಿದ್ದರಂತೆ.

"ಬೇಟಾ, ಆಕಿ ಕಾರಿನಾಗ ಮಲಗಂಗಿಲ್ಲ, ನನಗ ಮನ್ಯಾಗ ನಿದ್ದಿ ಹತ್ತಂಗಿಲ್ಲ. ನಡುವ ಒಂದ ಜಾಗಾ ಬೇಕು. ದೊಡ್ಡದೊಂದ ಟೆಂಟ್ ನೋಡು."

ಎಲ್ಲಿ ಹೊಡೆಯುವುದು ಟೆಂಟು ಎಂದು ಕೇಳಿದೆ. ಮತ್ತೆಲ್ಲಿ? ಘಾಟಬೋರಾಳದಲ್ಲಿ!

ಕಾಕು ಒಪ್ಪಿದರು, ಆದರೆ ಸುಮ್ಮನೆ ಅಲ್ಲ. ಮೂರು ಕರಾರು ಹಾಕಿದರು. ಲಿಂಗಪೂಜೆಗೆ ಕೂಡಲು ಒಂದು ಮೂಲೆ ಇರಬೇಕು. ಅಳಿಯ, ಅಂದರೆ ನನ್ನ ಗಂಡ, ಮಲಗುವ ಕಡೆಗೊಂದು ಪರದೆ ಇರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೊಣಕಾಲು ನೋವಿನ ತಾವು ನಾಯಿಮರಿಯ ಹಾಗೆ ತೆವಳಿಕೊಂಡು ಒಳಗೆ ಹೋಗುವುದಿಲ್ಲ. ನೆಟ್ಟಗೆ ನಡೆದು ಒಳಗೆ ಹೋಗಬೇಕು, ನೆಟ್ಟಗೆ ನಿಂತು ಸೀರೆ ಉಡಬೇಕು. ತಲೆ ಬಗ್ಗಿಸಬೇಕಾಗಿ ಬಂದರೆ ಆ ಟೆಂಟು ಬೇಡ.

ಇಲ್ಲಿ ನಮ್ಮ ಮನೆತನದ ಒಂದು ಗುಟ್ಟನ್ನು ನಿಮಗೆ ಹೇಳಲೇಬೇಕು. ಕಾಕು ಕಾಕಾಗಿಂತ ನಾಲ್ಕು ಬೆರಳು ಎತ್ತರ. ಇದು ಊರಿಗೆಲ್ಲ ಗೊತ್ತು, ಕಾಕಾ ಒಬ್ಬರಿಗೆ ಗೊತ್ತಿಲ್ಲ! ಮದುವೆಯ ಫೋಟೋದಲ್ಲಿ ಕಾಕಾ ಮಣೆಯ ಮೇಲೆ ನಿಂತಿದ್ದಾರೆ. ಆ ಮಣೆ ಕಾಣದ ಹಾಗೆ ಕಾಕುವಿನ ಸೀರೆಯ ಸೆರಗು ಹರಡಿದೆ. ಸೆರಗನ್ನು ಹಾಗೆ ಹರಡಿದವರು ಕಾಕು ತಾವೇ. ನಲವತ್ತು ವರ್ಷದಿಂದ ಆ ಮಣೆಯ ವಿಷಯ ಯಾರೂ ಎತ್ತಿಲ್ಲ.

ಟೆಂಟು ಹುಡುಕುವ ಕೆಲಸ ನನ್ನ ತಲೆಗೆ ಬಂತು. ಒಂದು ಟೆಂಟಿನ ಮೇಲೆ 'ಎಂಟು ಜನರಿಗೆ' ಎಂದು ಬರೆದಿತ್ತು. ನಾವಿರುವುದು ಐದೇ ಜನ: ಕಾಕಾ, ಕಾಕು, ನಾನು, ನನ್ನ ಗಂಡ, ಮಗಳು. ಧಾರಾಳವಾಯಿತಲ್ಲ ಎಂದೆ. ಕಾಕಾ ನಕ್ಕರು. ಬಸ್ಸಿನ ಒಳಗೆ ಬರೆದಿದ್ದ ಸಂಖ್ಯೆಗೂ ಒಳಗಿದ್ದ ಮಂದಿಗೂ ಎಂದೂ ಸಂಬಂಧವೇ ಇಲ್ಲದ ಜಾಗದಲ್ಲಿ ಆಯುಷ್ಯ ಕಳೆದವರು. ಅವರ ಲೆಕ್ಕ ಹೀಗಿತ್ತು: ಬಸ್ಸಿನಲ್ಲಿ ಐವತ್ತು ಅಂತ ಬರೆದಿದ್ದರೆ ತೊಂಬತ್ತು ಮಂದಿ ಹಿಡಿಯುತ್ತಾರೆ, ಯಾಕೆಂದರೆ ಅವರು ಇಳಿಯುವವರು. ಟೆಂಟಿನಲ್ಲಿ ಎಂಟು ಅಂತ ಬರೆದಿದ್ದರೆ ನಾಲ್ಕೇ ಹಿಡಿಯುವುದು, ಯಾಕೆಂದರೆ ಅವರು ಹೊರಳುವವರು.

ನಾನು ನಂಬಲಿಲ್ಲ. ಸರಿ, ಭಾನುವಾರ ಕಾಕಾ ಎಲ್ಲರನ್ನೂ ಬಸವಕಲ್ಯಾಣಕ್ಕೆ ಕರೆಸಿ, ಅಂಗಳದಲ್ಲಿ ಟೆಂಟಿನ ಅಳತೆಯನ್ನು ಸುಣ್ಣದಿಂದ ಬರೆದು, ಅದರೊಳಗೆ ಮಲಗಿರಿ ಎಂದರು. ಹಳೆಯ ಸೀಟಿ ಬೇರೆ ಕೊರಳಲ್ಲಿತ್ತು! ಸೀಟಿ ಊದಿದರೆ ಎಡಕ್ಕೆ ಹೊರಳಬೇಕು, ಎರಡು ಸಲ ಊದಿದರೆ ಬಲಕ್ಕೆ. ಹಾದಿಯಲ್ಲಿ ಹೋಗುವವರು ನಿಂತು, ಮನೆಯಲ್ಲಿ ಏನಾದರೂ ಶಾಂತಿ ಮಾಡಿಸುತ್ತಿದ್ದಾರೇನೋ ಎಂದು ಕೈ ಮುಗಿದು ಹೋದರು. ಕಾಕು ಅಂಗಳದಲ್ಲಿ ಮಲಗಲು ಒಪ್ಪದ್ದರಿಂದ ಅವರ ಜಾಗದಲ್ಲಿ ಒಂದು ಜೋಳದ ಚೀಲ ಇಟ್ಟರು. ಚಹಾ ತಂದ ಕಾಕು ಇದು ಯಾರು ಎಂದು ಕೇಳಿದರು. ನೀನೇ ಎಂದರು ಕಾಕಾ. ಕಾಕು ಚೀಲವನ್ನು ತಲೆಯಿಂದ ಕಾಲತನಕ ನೋಡಿ, ಹಾಗೇ ಒಳಗೆ ಹೋದರು. ಚೀಲ ಕಾಕಾಗಿಂತ ಒಂದು ಗೇಣು ಗಿಡ್ಡ ಇತ್ತು.

ಆದರೂ ಕಾಕಾನ ಲೆಕ್ಕವೇ ಸರಿಯಾಗಿತ್ತು. ಹಾಸಿಗೆ, ರೊಟ್ಟಿಯ ಡಬ್ಬಿ, ನೀರಿನ ಕ್ಯಾನು, ನನ್ನ ಗಂಡನ ಚಾಚಿದ ಕಾಲು ಎಲ್ಲ ಸೇರಿದರೆ ಐದು ಜನರಿಗೇ ಅದು ಇಕ್ಕಟ್ಟು. ಆದರೂ ನಾನೇ ಹಟ ಹಿಡಿದು, ಮೊದಲು ಎತ್ತರವಾದರೂ ನೋಡೋಣ ಎಂದು ಅದನ್ನೇ ತರಿಸಿದೆ. ಮಧ್ಯದಲ್ಲಿ ಉಬ್ಬಿದ, ಬುಟ್ಟಿ ಬೋರಲು ಹಾಕಿದಂಥ ಟೆಂಟು. ಕಾಕಾ ನಡುಮಧ್ಯೆ ನಿಂತು, ತಲೆಯ ಮೇಲೆ ಬೆರಳಿಟ್ಟು, ಎತ್ತರ ಬರೋಬರಿ ಅದ ಎಂದು ಸಾರಿದರು. ಆಮೇಲೆ ಕಾಕು ಹೇಗೋ ಒಳಗೆ ಹೋಗಿ ನೆಟ್ಟಗಾದರು. ಹೊರಗಿದ್ದ ನಮಗೆ ಟೆಂಟಿನ ನೆತ್ತಿಯಲ್ಲಿ ತುರುಬಿನ ಗಾತ್ರದ ಒಂದು ಗುಬುಟು ಎದ್ದು, ಆ ಕಡೆಯಿಂದ ಈ ಕಡೆ ನಡೆದು, ಬಾಗಿಲ ಹತ್ತಿರ ಬಂದು ಮಾಯವಾದದ್ದು ಕಾಣಿಸಿತು. ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಆ ಟೆಂಟು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಎರಡನೆಯದನ್ನು ಕಾಕಾ ತಾವೇ ಮುಂದೆ ನಿಂತು ಆರಿಸಿದರು. ಅದು ಟೆಂಟಲ್ಲ, ಬಟ್ಟೆಯ ಮನೆ! ನೆಟ್ಟಗಿನ ಗೋಡೆ, ನಾಲ್ಕು ಕಡೆ ಕಬ್ಬಿಣದ ಕಾಲು, ಜಾಳಿಗೆಯ ಕಿಟಕಿ, ನಡುವೆ ಪರದೆ, ಮಳೆಗೆ ಮೇಲೊಂದು ಹೊದಿಕೆ, ಚಪ್ಪಲಿ ಬಿಡಲು ಮುಂದೆ ಸಣ್ಣ ಪಡಸಾಲೆ ಬೇರೆ. ಕಾಕು ಪೂಜೆಯ ಮೂಲೆ ನೋಡಿ ಮೆಚ್ಚಿದರು, ಪರದೆ ಎಳೆದು ನೋಡಿ ಮೆಚ್ಚಿದರು. ಆಮೇಲೆ ನಿಂತರು. ಕುತ್ತಿಗೆ ಒಂದು ಕಡೆ ವಾಲಿತು. ಕಾಕಾ ಎತ್ತರವನ್ನು ಈ ಸಲವೂ ತಮ್ಮನ್ನೇ ಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿಕೊಂಡು, ಮೇಲೆ ಎರಡು ಬೆರಳು ಸೇರಿಸಿ ಲೆಕ್ಕ ಹಾಕಿದ್ದರು. ಎರಡು ಬೆರಳು ಸಾಲದೆ ಬಂತು.

ನಾನು ಬಾಯಿ ತೆರೆಯಬೇಕೆಂದಿದ್ದೆ. ಕಾಕು ಕಣ್ಣಲ್ಲೇ ಬೇಡ ಎಂದರು. ಗಂಡನ ಮಣೆಯನ್ನು ನಲವತ್ತು ವರ್ಷ ಸೆರಗಿನಲ್ಲಿ ಮುಚ್ಚಿದವರು ಈಗ ಬಿಚ್ಚುತ್ತಾರೆಯೇ?

"ಇರಲಿ ಬಿಡ್ರಿ. ನನಗ ಟೆಂಟ್ ಹಿಡಸಂಗಿಲ್ಲ. ನೀವ ಎಲ್ಲಾರೂ ಹೋಗಿ ಬರ್ರಿ, ನಾ ಮನಿ ನೋಡ್ಕೋತ ಇರತೀನಿ," ಎಂದರು.

ಕಾಕಾನ ಮುಖ ಸಣ್ಣದಾಯಿತು. ಟೆಂಟು ಮಡಚಿದರು, ಕಾರಿಗೆ ತುಂಬಿದರು. ನನಗೆ ಕಾಕಾನ ಮೇಲೆ ಎಂಥ ಸಿಟ್ಟು ಬಂತೆಂದರೆ, ನನ್ನ ಬಾಯಿಂದ ಒಂದು ಮಾತು ಹೊರಬಿದ್ದಿದ್ದರೆ ಆ ಮಣೆ, ಆ ಫೋಟೋ, ಆ ಜೋಳದ ಚೀಲ ಎಲ್ಲ ಒಟ್ಟಿಗೇ ಹೊರಬೀಳುತ್ತಿದ್ದವು. ಹಲ್ಲು ಕಚ್ಚಿಕೊಂಡು ಊರಿಗೆ ಬಂದೆ.

ಎರಡು ದಿನ ಬಿಟ್ಟು ನೋಡಿದರೆ ಹುಮನಾಬಾದಿನ ನಮ್ಮ ಮನೆಯ ಮುಂದೆ ಕಾಕಾನ ಕಾರು ನಿಂತಿದೆ. ಹಳೆಯ ಪರಿಚಯದ ಚಾಚಾ ಒಬ್ಬರ ಅಂಗಡಿಗೆ ಹೋಗೋಣ ನಡಿ ಎಂದರು. ಈ ಚಾಚಾ ಲಾರಿಗಳ ತಾಡಪಾಲು, ಆಟೋಗಳ ಹುಡ್ ಹೊಲಿಯುವವರು. ಒಂದು ಕಾಲದಲ್ಲಿ ಕಾಕಾನ ಬಸ್ಸಿನ ಸೀಟುಗಳನ್ನೂ ಹೊಲಿದವರು. ಟೆಂಟನ್ನು ಅಂಗಡಿಯ ಮುಂದೆಯೇ ಹೊಡೆಸಿ, ಸುತ್ತ ಎರಡು ಸಲ ತಿರುಗಿ, ಸುಲಭದ ಕೆಲಸ ಎಂದರು: ಕಬ್ಬಿಣದ ಕಾಲುಗಳಿಗೆ ಕೆಳಗೆ ಪೈಪಿನ ತುಂಡು ಕೂಡಿಸುವುದು, ಗೋಡೆಯ ಬುಡಕ್ಕೆ ಸುತ್ತಲೂ ತಾಡಪಾಲಿನ ಪಟ್ಟಿ ಹೊಲಿಯುವುದು. ಟೆಂಟಿಗೆ ಟೆಂಟೇ ಮೇಲೇಳುತ್ತದೆ, ಬಾಗಿಲೂ ಅದರ ಜೊತೆಗೆ. ಒಳಗೆ ನಿಲ್ಲುವವರ ಎತ್ತರ ಎಷ್ಟು, ಅದನ್ನು ಹೇಳಿದರೆ ಸಾಕು.

ಕಾಕಾ ಎಂದಿನಂತೆ, ನನ್ನಷ್ಟೇ ಎಂದರು. ಚಾಚಾ ಟೇಪನ್ನು ಕೊರಳಿಗೆ ಹಾಕಿಕೊಂಡು ಅವರನ್ನೇ ನೋಡಿದರು.

"ಕಂಡಕ್ಟರ್ ಸಾಬ್, ನಿಮ್ಮಷ್ಟ ಇದ್ದವರಿಗಿ ಈ ಟೆಂಟ್ ಮೊದಲ ಸಾಕಾಗ್ತದಲ್ರಿ. ನನ್ನ ಕಡಿ ಯಾಕ ತಂದೀರಿ? ಖರೇ ಮಾಪ ಹೇಳ್ರಿ. ಬಟ್ಟಿ ಒಮ್ಮಿ ಕತ್ತರಸಿದ್ರ ಮತ್ತ ಬೆಳಿಯಂಗಿಲ್ಲ."

ಕಾಕಾ ನನ್ನ ಕಡೆ ತಿರುಗಿ, ಮೂರು ಚಹಾ ಹೇಳಿ ಬಾ ಬೇಟಾ ಎಂದರು. ನಾನು ಹೋದೆ. ಹೋದೆ ಎಂದರೆ, ಪಕ್ಕದಲ್ಲಿ ನಿಂತಿದ್ದ ಆಟೋದ ಹಿಂದಿನವರೆಗೆ ಹೋದೆ! ಅಲ್ಲಿಂದ ಎಲ್ಲ ಕೇಳುತ್ತಿತ್ತು. ಆಮೇಲೆ ಕಾಕಾನ ದನಿ ಬಂತು, ಮೆಲ್ಲಗೆ.

"ನನಗಿಂತ ನಾಕ್ ಬೆರಳ ಎತ್ತರ ಇದ್ದಾಳ್ರಿ. ಮ್ಯಾಲ ತುರುಬು. ಅದರ ಮ್ಯಾಲ ಒಂದ ಗೇಣು ಖಾಲಿ ಬಿಡ್ರಿ. ಆಕಿ ತೆಲಿ ಎತ್ತಿ ಅಡ್ಡಾಡಬೇಕು."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಚಹಾ ಹೇಳುವುದನ್ನೂ ಮರೆತು, ಸುಮ್ಮನೆ ಆಟೋದ ಹುಡ್ ಸವರುತ್ತ ನಿಂತೆ.

ಶನಿವಾರ ಮಧ್ಯಾಹ್ನ ಹೊರಟೆವು. ಕಾಕುವಿಗೆ ಟೆಂಟು ದೊಡ್ಡದಾಗಿದೆ ಎಂದಷ್ಟೇ ಹೇಳಿ, ನನ್ನ ಮಗಳ ಕೈಯಿಂದ ಕಾಡಿಸಿ ಒಪ್ಪಿಸಿದ್ದೆ. ಕಾಕಾನ ಕಾರು ಹಾಗೇ ಹೊರಡುವುದಿಲ್ಲ, ಬಸ್ಸಿನಲ್ಲಿ ಹೊಡೆಯುವ ಹಾಗೆ ಹಿಂದೆ ಕೂತವರು ಎರಡು ಸಲ ಗಂಟೆ ಹೊಡೆಯಬೇಕು. ಕಾರಿನಲ್ಲಿ ಗಂಟೆ ಎಲ್ಲಿಂದ ಬರಬೇಕು? ಅದಕ್ಕೇ ಕಾಕು ರೊಟ್ಟಿಯ ಡಬ್ಬಿಗೆ ಚಮಚದಿಂದ ಟಣ್ ಟಣ್ ಎನ್ನಿಸುತ್ತಾರೆ. ಆಗಲೇ ಗೇರು ಬೀಳುವುದು.

ಘಾಟಬೋರಾಳದಲ್ಲಿ ಕಾಕಾನನ್ನು ನೋಡಿ ನಾಲ್ಕು ಜನ ಹಳಬರು ಓಡಿ ಬಂದರು. ಅವರಲ್ಲೊಬ್ಬರ ಹೊಲದಲ್ಲಿ, ಬೋರಿನ ಹತ್ತಿರ, ಟೆಂಟು ಎದ್ದಿತು. ಬುಡದಲ್ಲಿ ಸುತ್ತಲೂ ಲಾರಿಯ ನೀಲಿ ತಾಡಪಾಲಿನ ಪಟ್ಟಿ. ನೋಡಲು ಚೆಂದವೇನೂ ಇರಲಿಲ್ಲ. ಕಾಕಾ ಬಾಗಿಲ ಪರದೆ ಎತ್ತಿ ಹಿಡಿದು, ಹಳೆಯ ಕಂಡಕ್ಟರನ ಹಾಗೆ ಪಕ್ಕಕ್ಕೆ ಸರಿದು ನಿಂತರು.

ಕಾಕು ಬಾಗಿಲ ತನಕ ಬಂದು ಅಭ್ಯಾಸದಂತೆ ತಲೆ ಬಗ್ಗಿಸಿದರು. ಒಳಗೆ ಹೋದ ಮೇಲೆ ಮೆಲ್ಲಗೆ ನೆಟ್ಟಗಾದರು. ತುರುಬಿಗೆ ಏನೂ ತಗುಲಲಿಲ್ಲ. ಕೈ ಎತ್ತಿ ನೋಡಿದರು, ಮೇಲೆ ಇನ್ನೂ ಒಂದು ಗೇಣು ಖಾಲಿ. ಬಗ್ಗಿ ನೀಲಿ ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಗಂಡನ ಕಡೆ ನೋಡಿದರು.

"ಮಾಪ ಯಾರ ಕೊಟ್ಟರಿ?"

"ನಾನ ಕೊಟ್ಟೆ," ಎಂದರು ಕಾಕಾ, ಎಲ್ಲೋ ನೋಡುತ್ತ.

ಕಾಕು ಹೊರಗೆ ಬಂದು, ಬಸ್ಸು ನಿಲ್ಲುತ್ತಿದ್ದ ಜಾಗ ತೋರಿಸಿ ಎಂದರು. ಇಬ್ಬರೂ ಹುಣಸೆ ಮರದ ತನಕ ನಡೆದು ಹೋದರು, ಪಕ್ಕಪಕ್ಕದಲ್ಲಿ. ಹಿಂದಿನಿಂದ ನೋಡಿದರೆ ನಾಲ್ಕು ಬೆರಳಿನ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತಿತ್ತು. ಕಾಕಾ ತಮ್ಮ ಬೆನ್ನು ಸೆಟೆಸುವ ಗೋಜಿಗೆ ಹೋಗಿರಲಿಲ್ಲ.

ಮುಂಜಾನೆ ನನಗೆ ಎಚ್ಚರವಾದಾಗ ಬಿಸಿಲು ಕಿಟಕಿಯ ಜಾಳಿಗೆಯಿಂದ ಒಳಗೆ ಬಂದಿತ್ತು. ಗಾಳಿಗೆ ಟೆಂಟು ಪಟಪಟ ಅನ್ನುತ್ತಿತ್ತು. ಕಾಕು ಆಗಲೇ ಸ್ನಾನ ಮುಗಿಸಿ, ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಪೂಜೆಯ ಮೂಲೆಯಲ್ಲಲ್ಲ, ಕಾಕಾನ ತಲೆಯ ಹತ್ತಿರ. ಮತ್ತೆ ನಮ್ಮ ಕಾಕಾ? ನಸುಕಿನ ನಾಲ್ಕಕ್ಕೆ ತಾವಾಗಿ ಎದ್ದು ಕೂಡುವ ಮನುಷ್ಯ, ಕೈಕಾಲು ಉದ್ದಕ್ಕೆ ಚಾಚಿ, ಬಾಯಿ ತೆರೆದುಕೊಂಡು, ಇಡೀ ಹೊಲಕ್ಕೆ ಕೇಳುವ ಹಾಗೆ ಗೊರಕೆ ಹೊಡೆಯುತ್ತಿದ್ದರು. ಕಾಕು ಆ ಮುಖವನ್ನೇ ನೋಡುತ್ತಿದ್ದರು.

ನನ್ನ ಮಗಳಿಗೆ ತಮಾಷೆ ಹೊಳೆಯಿತು. ಅಜ್ಜನನ್ನು ಎಬ್ಬಿಸಲು ಚಮಚ ತೆಗೆದುಕೊಂಡು ರೊಟ್ಟಿಯ ಡಬ್ಬಿಗೆ ಹೊಡೆಯಲು ಹೋದಳು. ಕಾಕು ಅವಳ ಕೈಯನ್ನು ಮೆತ್ತಗೆ ಹಿಡಿದುಕೊಂಡರು.

"ಬ್ಯಾಡವಾ," ಎಂದರು, "ಇವತ್ತ ಗಾಡಿ ತಡಾ ಆದ್ರ ಆಗಲಿ."