ಕಾರ್ಕಳದ ಬಸ್ಸಿನಲ್ಲಿ ಮದುಮಗನ ವಿಚಾರಣೆ

ಯಾರನ್ನೂ ಸುಲಭವಾಗಿ ನಂಬಬಾರದು ಎಂಬುದು ನನ್ನ ಜೀವನದ ಮೂಲಮಂತ್ರ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದು ತಿಳಿಯುತ್ತೇನೆ. ನಗದಿದ್ದರೆ ಹೆಚ್ಚು ಬಿದ್ದಿದೆ ಎಂದು ತಿಳಿಯುತ್ತೇನೆ. ಇಂಥ ಚುರುಕು ಬುದ್ಧಿಯವನಿಗೆ ಪತ್ತೇದಾರಿ ಕಾದಂಬರಿ ಹಿಡಿಸದೆ ಇನ್ನೇನು ಹಿಡಿಸೀತು?

ಉಡುಪಿಯ ವಾಚನಾಲಯದಿಂದ ಕಾಪುವಿನ ನಮ್ಮ ಮನೆಗೆ ಒಂದು ಸಲಕ್ಕೆ ಒಂದೇ ಪುಸ್ತಕ ಬರುತ್ತಿತ್ತು. ಓದುವವರು ಇಬ್ಬರು. ಮಧ್ಯಾಹ್ನ ನನ್ನ ಹೆಂಡತಿ ಪದ್ಮ, ಸಂಜೆ ನಾನು. ಅವಳು ಗುರುತಿಗೆ ಹೇರ್‌ಪಿನ್ನು ಇಡುತ್ತಿದ್ದಳು, ನಾನು ಹಳೆಯ ಬಸ್ ಟಿಕೇಟು. ಊಟಕ್ಕೆ ಕುಳಿತಾಗ ಓದಿದಷ್ಟರ ಬಗ್ಗೆ ಇಬ್ಬರೂ ಅಭಿಪ್ರಾಯ ಹೇಳಬೇಕು. ಮುಂದೆ ಓದಿದವರು ಕಥೆ ಬಿಟ್ಟುಕೊಡಬಾರದು. ಇದು ನಮ್ಮೊಳಗಿನ ಕರಾರು.

ಆ ಸಲದ ಕಾದಂಬರಿಯಲ್ಲಿ ಒಂದು ತೊಡಕಿತ್ತು. ಹೊಸದಾಗಿ ಮದುವೆಯಾದ ಹೆಣ್ಣೊಬ್ಬಳು ಬಾವಿಯಲ್ಲಿ ಸತ್ತುಬಿದ್ದಿರುತ್ತಾಳೆ. ಅವಳ ಗಂಡನ ಹೆಸರು ಶ್ರೀನಿವಾಸ. ದುರದೃಷ್ಟವಶಾತ್ ನನ್ನ ಹೆಸರೂ ಶ್ರೀನಿವಾಸ. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಪದ್ಮ ದೇವಸ್ಥಾನದಲ್ಲಿ ಅರ್ಚನೆಗೂ ಪಕ್ಕದವರ ಹತ್ತಿರ ಹೇಳಿಸುವವಳು. ಹಾಗಾಗಿ ಕಾದಂಬರಿಯ ಶ್ರೀನಿವಾಸನಿಗೆ ನಮ್ಮ ಮನೆಯಲ್ಲಿ 'ಮದುಮಗ' ಎಂದೇ ಹೆಸರಾಯಿತು.

ಇದೇ ಹೊತ್ತಿಗೆ ನನ್ನ ತಂಗಿ ಸುಮತಿಗೆ ಕಾರ್ಕಳದ ಸಂಬಂಧ ಕೂಡಿಬಂದಿತ್ತು. ಹುಡುಗ ಶಾಲಾ ಮೇಷ್ಟ್ರು. ಗೆಳೆಯನೊಬ್ಬನ ಜತೆ ಬಂದು ಅವಳನ್ನು ನೋಡಿ ಒಪ್ಪಿ ಹೋಗಿದ್ದ. ನಾವು ಹೋಗಿ ಮನೆ ನೋಡಿ ಮಾತು ಮುಗಿಸುವುದೊಂದೇ ಬಾಕಿ. ಹಿಂದಿನ ಸಂಬಂಧಗಳನ್ನೆಲ್ಲ ನಾನೇ ತಪ್ಪಿಸಿದ್ದೆ. ಒಬ್ಬ ತುಂಬ ಮಾತಾಡಿದ, ಇನ್ನೊಬ್ಬ ಮಾತೇ ಆಡಲಿಲ್ಲ. ಎರಡೂ ಸಂಶಯಾಸ್ಪದ! ಹೊರಡುವಾಗ ಸುಮತಿ ಪದ್ಮಳ ಕೈ ಹಿಡಿದು, "ಅತ್ತಿಗೆ, ನನಗೆ ಈ ಸಂಬಂಧ ಬೇಕು. ಅಣ್ಣನ ಬಾಯಿ ಸ್ವಲ್ಪ ನೋಡಿಕೊಳ್ಳಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಈ ಸಲ ಸಂಶಯಕ್ಕೆ ರಜೆ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ.

ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿದೆವು. ಹೆಂಗಸರು ಮುಂದೆ, ಗಂಡಸರು ಹಿಂದೆ. ಟಿಕೇಟು ಕೊಡುತ್ತ ಕಂಡಕ್ಟರು, "ಕಾರ್ಕಳದಲ್ಲಿ ಎಲ್ಲಿಗೆ?" ಎಂದ. "ಆನೆಕೆರೆ ಹತ್ತಿರ ಅನಂತಯ್ಯನವರ ಮನೆಗೆ. ತಂಗಿಯ ಮದುವೆ ಮಾತುಕತೆ," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ. ಪದ್ಮಳ ಪಕ್ಕದಲ್ಲಿ ಗುಳ್ಳಬದನೆಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸೊಬ್ಬಳು ಫಕ್ಕನೆ ತಿರುಗಿ ನನ್ನನ್ನು ನೋಡಿದಳು.

ಬಸ್ಸು ಮಣಿಪಾಲದ ಗುಡ್ಡ ಹತ್ತತೊಡಗಿತು. ಇಂಜಿನಿನ ಆರ್ಭಟ. ಪದ್ಮ ಚೀಲದಿಂದ ಪುಸ್ತಕ ತೆಗೆದು ಓದುತ್ತಿದ್ದವಳು ಹಿಂದೆ ತಿರುಗಿ ಕೂಗಿದಳು: "ಹೌದಾ, ಮದುಮಗನ ಬಗ್ಗೆ ನಿಮಗೆ ಎಂತ ಅನ್ನಿಸ್ತದೆ?"

ಅಭಿಪ್ರಾಯ ಕೇಳಿದರೆ ಇಲ್ಲವೆನ್ನುವ ಜನ ನಾನಲ್ಲ. "ಮದುಮಗ ಸರಿ ಇಲ್ಲ ಮಾರಾಯ್ತಿ. ನೋಡ್ಲಿಕ್ಕೆ ಮಾತ್ರ ಸಾಧು."

"ಅವನ ತಾಯಿ ಪಾಪದವಳು, ಅಲ್ವಾ?"

"ಎಂತ ಪಾಪ? ಕಾಫಿಗೆ ಮದ್ದು ಹಾಕಿದ್ದು ಅವಳೇ."

ಹೀಗೆಯೇ ನಮ್ಮ ವಿಮರ್ಶೆ ಸಾಗಿತು. ಹಿರಿಯಡ್ಕ ಮುಟ್ಟುವಾಗ ನಾನು ಸಂಪೂರ್ಣ ರಂಗೇರಿದ್ದೆ. "ಹೆಂಡತಿ ಕಾಲು ಜಾರಿ ಬಿದ್ದದ್ದಲ್ಲ. ಬಾವಿಗೆ ದೂಡಿದ್ದು ಮದುಮಗನೇ!" ಎಂದು ಕಿರುಚುವುದಕ್ಕೂ ಡ್ರೈವರು ಇಂಜಿನು ಬಂದ್ ಮಾಡುವುದಕ್ಕೂ ಸರಿಹೋಯಿತು. ಬಸ್ಸಿಡೀ ನಿಶ್ಶಬ್ದ. ಬುಟ್ಟಿಯ ಹೆಂಗಸು ನನ್ನನ್ನೇ ದಿಟ್ಟಿಸುತ್ತಿದ್ದಳು.

ನನಗೆ ಸಂಶಯ ಬಂತು. "ಚೀಲ ಜೋಪಾನ," ಎಂದು ಪದ್ಮಳಿಗೆ ಸನ್ನೆ ಮಾಡಿದೆ. ಕಾರ್ಕಳದಲ್ಲಿ ಇಳಿದಾಗ ಆಕೆಯೂ ಇಳಿದಳು. ನಾವು ತಿರುಗಿದ ಕಡೆ ತಿರುಗಿದಳು. ನಾನು ಚೀಲವನ್ನು ಎದೆಗೆ ಅವುಚಿಕೊಂಡೆ. ಅನಂತಯ್ಯನವರ ಮನೆಯ ಮುಂದೆ ಬರುವಷ್ಟರಲ್ಲಿ ಆಕೆ ಒಳದಾರಿ ಹಿಡಿದು ಮಾಯವಾಗಿದ್ದಳು. ನನ್ನನ್ನು ಕಂಡು ಹೆದರಿದಳು ಎಂದು ಹೆಮ್ಮೆಪಟ್ಟೆ.

ಹುಡುಗನ ತಂದೆ ಅನಂತಯ್ಯ ಬಾಯಿ ತುಂಬ ಸ್ವಾಗತಿಸಿದರು. ನೀರು ಬೆಲ್ಲ ಬಂತು. ಅಷ್ಟರಲ್ಲಿ ಒಳಗಿನಿಂದ ಅವರಿಗೆ ಕರೆ ಬಂತು. ಹೋದವರು ಹಿಂದೆ ಬಂದಾಗ ಮುಖ ಹರಳೆಣ್ಣೆ ಕುಡಿದಂತಿತ್ತು. ಒಳಗೆ ಗುಸುಗುಸು. ಕಾಫಿಯ ಸುಳಿವಿಲ್ಲ. ಈ ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ! ನನ್ನ ಪ್ರತಿಜ್ಞೆ ಅಲ್ಲಿಗೆ ಮುರಿಯಿತು. ಬಾಯಿ ಬಿಡಿಸೋಣವೆಂದು ಸಹಜವಾಗಿ ಕೇಳಿದೆ: "ನಿಮ್ಮ ಬಾವಿ ತುಂಬ ಆಳ ಉಂಟಾ?"

ಅನಂತಯ್ಯ ಎದ್ದು ನಿಂತರು. "ಬನ್ನಿ, ಇಳಿದೇ ನೋಡಿ," ಎಂದರು.

ಆಗ ಹುಡುಗನ ತಾಯಿ ಕಾಫಿ ತಂದು ನನ್ನೆದುರು ಇಟ್ಟರು. ನಾನು ಕೈ ಚಾಚುವ ಮೊದಲೇ ಆಕೆ ಲೋಟ ಎತ್ತಿ ಒಂದು ಗುಟುಕು ಕುಡಿದು, ನನ್ನ ಮುಖ ನೋಡುತ್ತ ಕೆಳಗಿಟ್ಟರು. "ಮದ್ದು ಹಾಕಿಲ್ಲ. ಈಗ ಕುಡಿಯಬಹುದು," ಎಂದರು.

ಹಿಂದಿನ ಬಾಗಿಲಲ್ಲಿ ಬುಟ್ಟಿಯ ಹೆಂಗಸು ನಿಂತಿದ್ದಳು. ಆಕೆ ಹುಡುಗನ ಸೋದರತ್ತೆ, ಅನಂತಯ್ಯನವರ ತಂಗಿ. "ನಮ್ಮ ಹುಡುಗನಿಗೆ ಯಾವಾಗ ಮಾರಾಯ್ರೆ ಮೊದಲ ಮದುವೆ ಆದದ್ದು? ಬಸ್ಸಿನಲ್ಲಿ ಊರಿಗೆಲ್ಲ ಹೇಳಿದ್ರಲ್ಲ, ಇಲ್ಲಿಯೂ ಹೇಳಿ," ಎಂದಳು.

ಕಣ್ಣೆದುರು ಸುಮತಿ ಬಂದು ನಿಂತಳು. "ಅದು ಪುಸ್ತಕ... ಅದರ ಮದುಮಗ..." ಎಂದು ತೊದಲಿದೆ. "ಅವನಿಗೆ ಹೆಸರಿಲ್ಲವಾ?" ಎಂದರು ಅನಂತಯ್ಯ. "ಉಂಟು. ಇವಳು ಹೇಳುವುದಿಲ್ಲ," ಎಂದೆ. ಅದು ಸಂಶಯಕ್ಕೆ ಇನ್ನೂ ಎಡೆಮಾಡಿತು. ಕೊನೆಗೆ ಪದ್ಮ ಪುಸ್ತಕ ಬಿಡಿಸಿ ಶ್ರೀನಿವಾಸ ಎಂದಿದ್ದ ಜಾಗವನ್ನು ಬೆರಳಿಟ್ಟು ತೋರಿಸಿ, ಆ ಬೆರಳನ್ನೇ ನನ್ನ ಕಡೆ ತಿರುಗಿಸಿದಳು. ಆ ಮನೆಯ ಹೆಂಗಸರಿಗೆ ತಕ್ಷಣ ಅರ್ಥವಾಯಿತು. ಅವರ ಮನೆಯಲ್ಲೂ ಅನಂತಯ್ಯ ಎನ್ನುವವರು ಯಾರೂ ಇಲ್ಲ, 'ಇವರು' ಮಾತ್ರ.

ಅಷ್ಟರವರೆಗೆ ಕಂಬಕ್ಕೆ ಒರಗಿ ನಿಂತಿದ್ದ ಹುಡುಗ ಮುಂದೆ ಬಂದು ಪುಸ್ತಕ ನೋಡಿದ. "ಇದನ್ನು ನಾನು ಓದಿದ್ದೇನೆ ಭಾವ," ಎಂದ. ಭಾವ ಎಂದನಲ್ಲ! ಹೋದ ಜೀವ ಬಂತು. ಸುಮತಿಗೆ ಮುಖ ತೋರಿಸಬಹುದು.

"ನಿಮ್ಮ ಅಂದಾಜು ಮಾತ್ರ ತಪ್ಪು. ಕೊಂದದ್ದು ಮದುಮಗ ಅಲ್ಲ," ಎಂದು ಅವನು ಮುಂದುವರಿಸಿದ.

"ಮತ್ಯಾರು?" ಎಂದೆ, ಅಭ್ಯಾಸಬಲದಿಂದ.

"ಹುಡುಗಿಯ ಅಣ್ಣ. ಮೊದಲಿನಿಂದ ಕೊನೆಯವರೆಗೂ ಎಲ್ಲರ ಮೇಲೆ ಸಂಶಯಪಡುತ್ತ ತಿರುಗುತ್ತಾನಲ್ಲ, ಅವನೇ."

ಮನೆಯವರೆಲ್ಲ ಒಟ್ಟಿಗೆ ನನ್ನನ್ನು ನೋಡಿದರು. ಪದ್ಮ ಮೆಲ್ಲಗೆ, "ನನಗೆ ಗೊತ್ತಿತ್ತು. ಕೊನೆಯ ಪುಟ ಮೊದಲೇ ಓದಿದ್ದೆ," ಎಂದಳು.

ಮದುವೆ ಚೆನ್ನಾಗಿಯೇ ಆಯಿತು. ಸುಮತಿ ಸುಖವಾಗಿದ್ದಾಳೆ. ಬೀಗರು ಈಗಲೂ ಕಾಪುವಿಗೆ ಬರುತ್ತಾರೆ, ಕಾಫಿಗೆ ಕುಳಿತುಕೊಳ್ಳುತ್ತಾರೆ. ಆದರೆ ಲೋಟಕ್ಕೆ ಯಾರೂ ಕೈ ಹಾಕುವುದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಾರೆ. ನಾನು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಬದುಕಿದ್ದು ತೋರಿಸಿದ ಮೇಲೆಯೇ ಅವರು ಕುಡಿಯುವುದು.